ಹಂಚಿನ ಲೆಕ್ಕ

ಕಪ್ ಅಂತ ಒಂದಿತ್ತು ನಿಜ, ಹಿತ್ತಾಳೆಯದ್ದು,
ಪ್ರಿನ್ಸಿಪಾಲರ ಬೀರುವಿನಲ್ಲಿ, ಬೀಗದೊಳಗೆ.
ಅದಕ್ಕಾಗಿ ಯಾರೂ ಮೊಣಕಾಲು ಕೆತ್ತಿಸಿಕೊಂಡದ್ದಲ್ಲ.
ನಮಗೆ ಬೇಕಿದ್ದದ್ದು ಹಂಚು.
ಸೋತವರ ಮಾಡಿಗೆ ಏಣಿ ಇಟ್ಟು ಹತ್ತಿ
ಒಂದೇ ಒಂದು ಕಿತ್ತು
ಮದುಮಗನ ಹಾಗೆ ಹೆಗಲಲ್ಲಿ ಕೂರಿಸಿ ಒಯ್ಯುವುದು.

ಶುರುವಾದದ್ದು ಹೇಗೆಂದರೆ ಎರಡು ಕಥೆ ಉಂಟು.
ಗುಡ್ಡೆ ಕಾಲೇಜಿನವರು ಹೇಳುವುದು:
ಐವತ್ತೆರಡರಲ್ಲಿ ಅವರ ಸೆಂಟರ್ ಫಾರ್ವರ್ಡ್ ಒದ್ದ ಚೆಂಡು
ನಮ್ಮ ಕೆಮಿಸ್ಟ್ರಿ ಲ್ಯಾಬಿನ ಮಾಡು ಒಡೆದು ಒಳಗೆ ಬಿತ್ತಂತೆ.
ನಾವು ಹೊಳೆ ಕಾಲೇಜಿನವರು ಹೇಳುವುದು:
ಚೆಂಡಲ್ಲ, ಸೋತ ಸಿಟ್ಟಿಗೆ ಬಿಸಾಡಿದ ಕಲ್ಲು.

ನಾನು ಅಟೆಂಡರ್. ಏಣಿ ಹಿಡಿಯುವವ.
ಅವರಲ್ಲಿ ಏಣಿ ಇರಲಿಲ್ಲ, ನಮ್ಮದೇ ಎರಡು ಕಡೆಗೂ.
ಮೂವತ್ತನಾಲ್ಕು ವರ್ಷ ಹಿಡಿದೆ,
ನಮ್ಮವರು ಹತ್ತುವಾಗ ಗಟ್ಟಿಯಾಗಿ,
ಅವರು ಹತ್ತುವಾಗ, ಸುಳ್ಳು ಯಾಕೆ,
ಸ್ವಲ್ಪ ಸಡಿಲಾಗಿ.

ಪಂದ್ಯ ಯಾವತ್ತೂ ಆಟಿಯಲ್ಲಿ.
ಮೈದಾನದ ಕೆಂಪು ಕೆಸರಿನಲ್ಲಿ
ಯಾರದ್ದು ಹಸಿರು ಯಾರದ್ದು ನೀಲಿ
ಹತ್ತು ನಿಮಿಷದ ಮೇಲೆ ಹೆತ್ತವಳಿಗೂ ಗುರುತಿಲ್ಲ.
ಪಾಸು ಬೇಕಾದರೆ ಹೆಸರು ಹಿಡಿದು ಕೂಗಬೇಕು.
ಅದರಲ್ಲೂ ಮೋಸ:
ಗುಡ್ಡೆಯ ಲಿಗೋರಿ ಲೋಬೊ
ನಮ್ಮ ಇದ್ದಿನಬ್ಬನ ಗಂಟಲಿನಲ್ಲೇ, ಬ್ಯಾರಿ ಭಾಷೆಯಲ್ಲೇ ಕೂಗಿ
ನಮ್ಮವನಿಂದಲೇ ಚೆಂಡು ತೆಗೆದುಕೊಂಡು ಹೋಗಿ
ಗೋಲು ಹೊಡೆದ.
ಅದು ಅರುವತ್ತೊಂಬತ್ತು.

ಹಂಚು ಹೋದಲ್ಲಿ ನೀರು ಇಳಿಯುತ್ತದೆ.
ಮೂರು ದಿನ ಹೊಸತು ಹಾಕಬಾರದು, ಅದು ಕಟ್ಟಳೆ.
ಬಾಲ್ದಿಗೆ ಟಪ್ ಟಪ್ ಬೀಳುವ ಸದ್ದಿನ ನಡುವೆ
ಎರಡನೇ ಬಿಎಸ್ಸಿಗೆ ಕ್ಯಾಲ್ಕುಲಸ್ ಮಾಡುತ್ತಿದ್ದ ವಾಮನ ನಾವಡರು
ಒಮ್ಮೆ ಬೋರ್ಡಿನ ಕಡೆ ತಿರುಗಿಯೇ ಹೇಳಿದರು:
"ಆ ಪೆನಾಲ್ಟಿ ಎಡಕ್ಕೆ ಹೊಡೆಯಬೇಕಿತ್ತು."

ರಿಜಿಸ್ಟರು ನನ್ನ ಕೈಯಲ್ಲಿತ್ತು.
ವರ್ಷ, ಗೋಲು, ಯಾವ ಸಾಲಿನ ಎಷ್ಟನೇ ಹಂಚು.
ಒಂದು ಪುಟದಲ್ಲಿ ಇಷ್ಟೇ ಉಂಟು:
ಮಳೆಯ ಕಾರಣ ಪಂದ್ಯ ಇಲ್ಲ.
ಅಕ್ಷರ ನನ್ನದೇ.
ಮಳೆಗೆ ನಿಂತ ಪಂದ್ಯ ನಾನು ಕಂಡವನಲ್ಲ.
ಆ ವಾರ ಬಂದರಿನ ಅಂಗಡಿಗಳು ಬಾಗಿಲೆಳೆದಿದ್ದವು.
ಹೆಸರು ಕೂಗಿದರೆ ಯಾರು ತಿರುಗುತ್ತಾರೆ ಎಂದು
ಯಾರೋ ಓಣಿಯಲ್ಲಿ ಕಾದು ಕೂತ ವಾರ.
ನಮ್ಮ ಹುಡುಗರಿಗೆ
ಹೆಸರು ಕೂಗದೆ ಆಡಿ ಅಭ್ಯಾಸ ಇರಲಿಲ್ಲ.
ಮಳೆ ಅಂತ ಬರೆದೆ. ಬೇರೆ ಶಬ್ದಕ್ಕೆ ಕೈ ಹೋಗಲಿಲ್ಲ.

ಮರುವರ್ಷ ಸೊನ್ನೆ-ಸೊನ್ನೆ. ಅದೊಂದೇ ಸಲ.
ಗೇಟಿನ ಹತ್ತಿರ ಎರಡು ಗಂಟೆ ಚರ್ಚೆಯಾಗಿ
ಯಾರದ್ದೂ ಅಲ್ಲದ ಹೊಸ ಹಂಚೊಂದು ತಂದು
ಹ್ಯಾಕ್ಸಾದಲ್ಲಿ ನಡುವೆ ಕೊಯ್ದು
ಅರ್ಧ ಅವರಿಗೆ, ಅರ್ಧ ನಮಗೆ.
ಹಂಚು ಎಂಬುದಕ್ಕೆ ಇನ್ನೊಂದು ಅರ್ಥ ಉಂಟೆಂದು
ಕನ್ನಡ ಮೇಷ್ಟ್ರು ಅಲ್ಲೇ ಹೇಳಲು ಹೊರಟರು.
ಗರಗಸದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಈಗ ಎರಡೂ ಕಡೆ ಸ್ಲ್ಯಾಬು.
ನಮ್ಮ ಮಾಡು ಇಳಿಸುವಾಗ ಹೋಗಿದ್ದೆ.
ಇದ್ದಲಿನಲ್ಲಿ ಬರೆದ ವರ್ಷ ಕಾಣುತ್ತದೋ ಎಂದು
ಒಂದೊಂದೇ ಮಗುಚಿದೆ.
ಅಲ್ಲಿಂದ ಗೆದ್ದು ತಂದದ್ದು, ಇಲ್ಲಿಂದ ಸೋತು ಹೋದದ್ದು,
ಹೋದದ್ದೇ ಪುನಃ ಗೆದ್ದು ಬಂದದ್ದು,
ಎಲ್ಲ ಒಂದೇ ಪಾಚಿ.
"ತುಂಡಿಗೆ ನಾಲ್ಕು ರೂಪಾಯಿ, ಬೇಕಾ ಅಜ್ಜೆರೇ?"
ಅಂತ ಕೇಳಿದ ಗುತ್ತಿಗೆಯವ.

ನಮ್ಮ ಅರ್ಧ ನನ್ನ ಹತ್ತಿರ ಉಂಟು.
ಅವರದ್ದು ಬೆಂದೂರಿನಲ್ಲಿ, ಲಿಗೋರಿಯ ಜಗಲಿಯಲ್ಲಿ,
ಕ್ರೋಟನ್ ಕುಂಡದ ಅಡಿಗೆ.
ಕಳೆದ ಆಟಿಯಲ್ಲಿ ಕೊಂಡುಹೋಗಿ ಜೋಡಿಸಿ ನೋಡಿದೆವು.
ನಡುವೆ, ಗರಗಸ ತಿಂದಷ್ಟು ಸಂದು.
"ಸೋರ್ತದೆ" ಅಂದ.
"ಸೋರಲಿ. ಅರುವತ್ತೊಂಬತ್ತರದ್ದು ಗೋಲೇ ಅಲ್ಲ" ಅಂದೆ.
ಕಿವಿ ಕೇಳುವುದಿಲ್ಲ ಅವನಿಗೆ. ನಕ್ಕ.
ಮತ್ತೆ ಎದೆಗೆ ಗಾಳಿ ತುಂಬಿಕೊಂಡು
ತೀರಿಹೋದ ಇದ್ದಿನಬ್ಬನ ದನಿಯಲ್ಲಿ
ಒಮ್ಮೆ ಕೂಗಿದ.

ನಾನು ತಿರುಗಿ ನೋಡಿದೆ.