ತಿಥಿಯ ಮುಕ್ಕಾಲು

ಗಾರ್ಗಿ, ನಿಮ್ಮ ಪಟ್ಟಿ ಬಂತು.
ಒಂಬತ್ತು ಫೋಟೊ, ಒಂಬತ್ತೂ ವೆನಿಸ್ಸಿನವು.
ಕಮಾನು ಸೇತುವೆ, ಕೊಕ್ಕೆ ಮೂಗಿನ ದೋಣಿ,
ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ,
ಗಾಳಿಗೆ ಹಾರುತ್ತಿರುವ, ಯಾರೋ ಮರೆಯಲ್ಲಿ ಕೂತು ಹಾರಿಸುತ್ತಿರುವ
ಹತ್ತು ಗಜದ ಬಟ್ಟೆ.
ಕೊನೆಗೆ ಒಂದು ಸಾಲು: ಇದೆಲ್ಲ ಪಣಜಿಯಲ್ಲಿ ಆಗುತ್ತಲ್ಲ?

ಆಗುತ್ತದೆ.
ಫೊಂತೈನ್ಯಾಸಿನ ಪಕ್ಕ ಔರೆಂ ತೊರೆಯಿದೆ,
ತೊರೆಗೆ ಮುಖ ಕೊಟ್ಟ ಮನೆಗಳಿವೆ,
ಆಚೆ ದಂಡೆಗೆ ಕದಂಬ ಬಸ್ ನಿಲ್ದಾಣ.
ಅದನ್ನು ಚೌಕಟ್ಟಿನಿಂದ ಹೊರಗಿಡುತ್ತೇನೆ,
ಗಜೇಂದ್ರಗಡದಿಂದ ಬಂದ ನನ್ನಪ್ಪ
ಒಂದು ಬ್ರಷ್ಷು, ಒಂದು ಲುಂಗಿ ಹಿಡಿದು ಇಳಿದದ್ದು ಅಲ್ಲೇ ಆದರೂ.

ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋದದ್ದು ನೀರು.
ಇಳಿತದ ಹೊತ್ತಲ್ಲಿ ತೊರೆಯೆಂದರೆ ಕಪ್ಪು ಕೆಸರು,
ಏಡಿ, ಒಂಟಿ ಚಪ್ಪಲಿ, ಸುಮ್ಮನೆ ನಿಂತ ಬೆಳ್ಳಕ್ಕಿ.
ಅದರ ವಾಸನೆ ಫೋಟೊದಲ್ಲಿ ಬರುವುದಿಲ್ಲ,
ನಿಮ್ಮ ಮುಖದಲ್ಲಿ ಬರುತ್ತದೆ.

ಹಾಗಾಗಿ ನಿಮ್ಮ ಪುರೋಹಿತರು ತೆರೆದ ಪಂಚಾಂಗವನ್ನೇ
ನಾನೂ ತೆರೆದೆ.
ದೋಣಿ ಕೊಡುವ ಕಾಯ್ತಾನ್ ಲೆಕ್ಕ ಹೇಳಿಕೊಟ್ಟ:
ತಿಥಿಯ ಮುಕ್ಕಾಲು ಹಿಡಿ, ಅದೇ ಭರತದ ಗಂಟೆ.
ಅಷ್ಟಮಿಗೆ ಆರು. ನವಮಿಗೆ ಆರೂ ಮುಕ್ಕಾಲು.
ದಶಮಿಗೆ ಏಳೂವರೆ.
ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವನ ಬಾಯಲ್ಲಿ
ಅಷ್ಟಮಿ, ನವಮಿ! ನಕ್ಕೆ.
ಅವನೂ ನಕ್ಕ: ಸಮುದ್ರ ಬೇರೆ ಕ್ಯಾಲೆಂಡರು ಓದಲಿಲ್ಲ, ಬಾಯಿ.

ಮಾರ್ಗಶಿರ ನವಮಿಗೆ ನಾನೊಬ್ಬಳೇ ಹೋಗಿ ಬೆಳಕು ನೋಡಿದೆ.
ಆರೂ ಮುಕ್ಕಾಲಿಗೆ ತೊರೆ ತುಂಬಿತ್ತು,
ಸೂರ್ಯ ಇನ್ನೂ ಮನೆಬಿಟ್ಟಿರಲಿಲ್ಲ.
ಬೀದಿದೀಪದಲ್ಲಿ ನೀಲಿ ಗೋಡೆ ಬೂದಿಯ ಹಾಗಿತ್ತು.
ನಮ್ಮ ಮನೆಯಲ್ಲಿ ತಿಥಿ ಅಂದರೆ ಆ ನವಮಿ ಒಂದೇ.
ಇಪ್ಪತ್ತೆರಡು ವರ್ಷ, ಮಳೆ ನಿಂತ ಮೇಲೆ,
ಅಪ್ಪ ಈ ಓಣಿಗೆ ನೀಲಿ ಬಳಿದ, ಕಾವಿ ಬಳಿದ,
ಉಗುರಲ್ಲಿ ಹಬ್ಬದ ದಿನವೂ ಬಣ್ಣ.
‘ಒಣಗಿದ ಮ್ಯಾಲೆ ನೀಲಿ ತೆಳು ಆಗತೈತಿ,
ಅದಕ್ಕ ಎರಡು ಚಮಚ ಜಾಸ್ತಿ ಹಾಕವ್ವಾ’ ಅಂತಿದ್ದ.
ಹಾಕುತ್ತಿದ್ದೆ.
ಆಗ ನಾನು ಎರಡನೇ ಇಯತ್ತೆ.
ಅವನದೊಂದು ಫೋಟೊ ಇದೆ, ರೇಷನ್ ಕಾರ್ಡಿನದು.

ನಿಮಗೆ ಬೇಕಾದ ಕಿಟಕಿ ಎಸ್ಪೆರಾನ್ಸಾ ಬಾಯಿಯದು.
ಬಾಗಿಲಲ್ಲೇ ಹಲಗೆ: ಫೋಟೊ ತೆಗೆಯಬೇಡಿ.
ಬೆಲ್ ಒತ್ತಿದೆ. ಗದರಿದಳು.
ಹೋದ ತಿಂಗಳು ಒಬ್ಬ ಮದುಮಗ ಇದೇ ಮೆಟ್ಟಿಲಲ್ಲಿ
‘ಇನ್ನೊಮ್ಮೆ, ಇನ್ನೊಮ್ಮೆ’ ಅಂದನಂತೆ ನಲವತ್ತೊಂದು ಸಲ.
ಒಳಗೆ ಹಾಸಿಗೆ ಹಿಡಿದ ಗಂಡ ಎಣಿಸಿದ್ದನಂತೆ.

ಆಮೇಲೆ ಏನನ್ನಿಸಿತೋ, ಚಹಾ ಕೊಟ್ಟಳು.
ಹತ್ತು ನಿಮಿಷ ಕೊಟ್ಟಳು. ಫ್ಲಾಶ್ ಬೇಡ, ಕೂಗಾಟ ಬೇಡ,
ಮತ್ತೆ ಒಂದು ಪ್ರಿಂಟು ತನಗೆ.
ಜೋಡಿ ಸಣ್ಣಗಿರಲಿ, ಗೋಡೆ ಪೂರ್ತಿ ಬರಲಿ, ಅಂದಳು.
ಗಂಡ ಎರಡು ವರ್ಷದಿಂದ
ತನ್ನ ಮನೆಯನ್ನು ಹೊರಗಿನಿಂದ ನೋಡಿಲ್ಲ.
ನನ್ನಪ್ಪನ ಮಾತು ನಾನು ಎತ್ತಲಿಲ್ಲ.
ಲೋಟ ತೊಳೆಯಲು ಹೋದರೆ
ಬೇಡವೆಂದು ಕೈ ಹಿಡಿದಳು.

ಹಾಗಾಗಿ, ಗಾರ್ಗಿ, ದಶಮಿ, ಬೆಳಿಗ್ಗೆ ಏಳಕ್ಕೆ ಬನ್ನಿ.
ನೀಲಿ ಸೀರೆ ಬೇಡ, ಗೋಡೆಯಲ್ಲಿ ಮುಳುಗುತ್ತೀರಿ.
ಅರಿಶಿನವಾದರೆ ಒಳ್ಳೆಯದು.
ಶ್ರೀರಂಗರಿಗೆ ಹೇಳಿ, ದೋಣಿಯಲ್ಲಿ ಹೊಸ ಬೂಟು ಜಾರುತ್ತದೆ.
ಹತ್ತು ಗಜದ ಬಟ್ಟೆ ತನ್ನಿ ಬೇಕಾದರೆ,
ಹಾರಿಸಲು ಕಾಯ್ತಾನನ ಮಗನಿದ್ದಾನೆ, ಇನ್ನೂರು ರೂಪಾಯಿ.
ಎಂಟೂವರೆಗೆ ನೀರು ತಿರುಗಲು ಶುರು.

ಇನ್ನೊಂದು. ಗೋಡೆಗೆ ಒರಗಬೇಡಿ.
ಈ ವರ್ಷದ ಬಣ್ಣ ಎಂದೋ ಒಣಗಿದೆ,
ಆದರೂ ಒರಗಬೇಡಿ.