ಮಾವನ ಹರಳು

ಬಾಗಲಕೋಟೆಯ ಡಾಕ್ಟರು ತೆಗೆದುಕೊಟ್ಟಿದ್ದನ್ನು
ಸುಣ್ಣದ ಡಬ್ಬಿಯಲ್ಲಿಟ್ಟು ತಂದಿದ್ದ ಈರಪಣ್ಣ ಮಾವ:
“ನೀ ಹರಳಿನ ಅಕ್ಕೋರಲ್ಲೇನು, ನೋಡು,
ಉಂಗುರಕ್ಕ ಕೂಡ್ರತೈತೇನ?”

ಗುಳೇದಗುಡ್ಡದ ಕುಣಿಮಗ್ಗದಲ್ಲಿ
ಕಾಲು ಇಳಿಬಿಟ್ಟು ಮೂವತ್ತೆಂಟು ವರ್ಷ.
ಎದ್ದರೆ ಲಯ ತಪ್ಪೀತೆಂದು
ನೀರು ಕುಡಿಯದ ಮನುಷ್ಯ.

ಅಗೇಟಿನ ಒರಳಲ್ಲಿ ಅರೆದೆ.
ಹಣೆಗೆ ಹಚ್ಚಿದರೆ ವಿಭೂತಿ ಅನ್ನಬೇಕು, ಅಷ್ಟು ನುಣ್ಣಗೆ.
ಧಾರವಾಡದ ಯಂತ್ರ ಎಕ್ಸ್‌ರೇ ಹಾಯಿಸಿ
ಗುಡ್ಡಗಳ ಸಾಲೊಂದನ್ನು ಬರೆದು ಕಳಿಸಿತು.
ಒಂದು ಗುಡ್ಡ ಮಾತ್ರ ಇರಬೇಕಾದ್ದಕ್ಕಿಂತ ಎತ್ತರ:
ಬುಟ್ಟಿಯಲ್ಲಿ ಪೇರಿಸಿದ ರೊಟ್ಟಿಗಳ ಹಾಗೆ
ಚಪ್ಪಟೆ ಕಣಗಳು ಒಂದರ ಮೇಲೊಂದು ಮಲಗಿಬಿಟ್ಟಿವೆ.

ಈಗ ಎರಡು ಸಾಫ್ಟ್‌ವೇರು.
ಒಂದು ಪುಕ್ಕಟೆ, ನನಗಿಂತ ಹಳೆಯದು,
ಕಪ್ಪು ತೆರೆ; ಒಂದು ಚುಕ್ಕಿ ತಪ್ಪಿದರೆ
ಸಾಲಿನ ನಂಬರು ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ.
ಇನ್ನೊಂದು ಕಾಲೇಜು ಕೊಂಡದ್ದು,
ಅದರ ಕೀಲಿ ಪ್ರಿನ್ಸಿಪಾಲರ ಕಪಾಟಿನಲ್ಲಿ.
ಸಹಿ ಮಾಡಿ ತಂದು ಚುಚ್ಚಿದರೆ ಬಣ್ಣಬಣ್ಣದ ಗುಂಡಿಗಳು,
ಏನು ಕೇಳಿದರೂ ‘ಆಗಲಿ’ ಅನ್ನುವ ಸ್ವಭಾವ.

ಮೊದಲು ಪ್ರಮಾಣ, ಆಮೇಲೆ ಸೊನ್ನೆಯ ತಪ್ಪು,
ಹಿನ್ನೆಲೆ, ಕೋಶದ ಅಂಚು, ಗುಡ್ಡದ ಅಗಲ,
ಕಟ್ಟಕಡೆಗೆ ಪರಮಾಣು.
ಹಳೆಯದಕ್ಕೆ ಒಂದೊಂದನ್ನೇ ಬಿಡಿಸಿ ಹೇಳಬೇಕು.
ಹೊಸದು ಎಲ್ಲವನ್ನೂ ಒಟ್ಟಿಗೆ ಸಡಿಲಬಿಟ್ಟರೂ ಬೆದರದು.

ರಾತ್ರಿ ಹತ್ತೂವರೆ. ಯುಪಿಎಸ್ ಕೀರಲು ಹತ್ತಿದೆ.
ಹೊಸದರ ಉತ್ತರ: ನೂರಕ್ಕೆ ಎಪ್ಪತ್ತೊಂದು
ಒಂದು ನೀರಿನ ಆಕ್ಸಲೇಟು, ಉಳಿದದ್ದು ಎರಡು ನೀರಿನದು;
ತಾಳೆಯಾಗದೆ ಉಳಿದದ್ದು ಎಂಟು.
ಹಳೆಯದರ ಪ್ರಕಾರ ಅರವತ್ತೆರಡು; ಉಳಿದದ್ದು ಹನ್ನೊಂದೂವರೆ.
ಪುಡಿ ಒಂದೇ. ಮಾವ ಒಬ್ಬನೇ.

ಎಂಟನ್ನು ಬರೆದುಕೊಂಡು ಮನೆಗೆ ಹೋಗಬಹುದಿತ್ತು.
ಪಟ್ಟಿ ಇಳಿಸುತ್ತ ನೋಡಿದರೆ
ಒಂದು ಆಮ್ಲಜನಕದ ನಡುಕದ ಅಳತೆ
ಸೊನ್ನೆಗಿಂತ ಕಡಿಮೆ.
ನಿಂತದ್ದಕ್ಕಿಂತ ಹೆಚ್ಚು ನಿಂತಿದೆ, ಪಾಪ!
ಆ ಗುಡ್ಡದ ಎತ್ತರವನ್ನೆಲ್ಲ
ಈ ಬಡಪಾಯಿಯ ತಲೆಗೆ ಕಟ್ಟಲಾಗಿದೆ.
ಕಟ್ಟಿದ್ದು ಸಾಫ್ಟ್‌ವೇರಲ್ಲ.
ರೊಟ್ಟಿಯ ಲೆಕ್ಕದ ಗುಂಡಿ ಒತ್ತದೆ ಬಿಟ್ಟವಳು ನಾನು.

ಒತ್ತಿದೆ. ಅರವತ್ತನಾಲ್ಕಕ್ಕೆ ಇಳಿಯಿತು, ಉಳಿಕೆ ಹತ್ತಕ್ಕೇರಿತು.
ಎರಡರ ಅಂತರ ಹಾಗೇ ಇದೆ, ನಾನು ಮುಟ್ಟಲಿಲ್ಲ.
ಇಪ್ಪತ್ತಾರು ಡಿಗ್ರಿಯ ಹತ್ತಿರ
ಒಂದು ಸಣ್ಣ ಗುಬಟು; ಅದು ಯಾರೆಂದು
ಇದಕ್ಕೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ.

ರವಿವಾರ ಮಗ್ಗದ ದಂಡೆಯ ಮೇಲೆ ಕೂತು ಹೇಳಿದೆ:
ಮಾವ, ಖಣವನ್ನು ಎಳೆಎಳೆ ಬಿಚ್ಚಿ, ಕತ್ತರಿಸಿ, ರಾಶಿ ಹಾಕಿ
‘ಬುಟ್ಟಾ ಯಾವುದಿತ್ತು ಹೇಳು’ ಅಂದಂಗ ಇದು.
ಇಬ್ಬರನ್ನ ಕೇಳಿದೆ. ಎರಡು ಉತ್ತರ ಬಂದವು.

ಲಾಳಿ ಆ ಕಡೆ ಹೋಗಿ ಈ ಕಡೆ ಬಂತು.
“ಒಂದು ನೀರು, ಎರಡು ನೀರು ಅಂದೆಲ್ಲ,
ಅದೇನದು?”
ಹರಳಿನೊಳಗೇ ಸೇರಿಕೊಂಡ ನೀರು, ಅಂದೆ.
ಕಾಲಡಿಯ ಹಲಿಗೆ ನಿಂತಿತು.
“ನಾ ಕುಡೀದಿದ್ರೂ
ಕಲ್ಲು ಕುಡದೈತಿ ಅನ್ನು.”