ಬಾಗು ಕಳಿಸುವುದು

ಸಾರೆಮಾ ದ್ವೀಪದಲ್ಲಿ ಫೆಬ್ರವರಿ. ಕಡಲು ಗಟ್ಟಿ.
ದಡ ಎಲ್ಲಿ ಮುಗಿದು ನೀರು ಎಲ್ಲಿ ಶುರುವೆಂದು
ಹಿಮ ಯಾರಿಗೂ ಹೇಳುವುದಿಲ್ಲ.
ಷೆಡ್ಡಿನೊಳಗೆ ನಾನು, ಕೆಮ್ಮುವ ಒಂದು ಹೀಟರು,
ಪ್ಲೈವುಡ್ ಕೊರೆಯುವ ಯಂತ್ರ,
ತಾಲಿನ್ನಿನಿಂದ ಹೆಲ್ವೆ ಕಳಿಸಿದ ಫೈಲು:
ಮೀನುದೋಣಿಯೊಂದರ ಹದಿನಾಲ್ಕು ಪಕ್ಕೆಲುಬು.

ತೆರೆದು ನೋಡಿದೆ. ಚೆಂದ ಬಾಗಿದ್ದವು.
ದೂರದಿಂದ ಯಾವುದು ತಾನೆ ಬಾಗಿರುವುದಿಲ್ಲ?

ಗುಂಡಿ ಒತ್ತಿದೆ.
ಒಂದೇ ಉಸಿರಲ್ಲಿ ಗುಂಯ್‌ಗುಡಬೇಕಾದ ಅಲಗು
ಟಕ್ ಎಂದು ನಿಂತಿತು. ಮತ್ತೆ ಟಕ್.
ಕಾಣದ ಊರಿನಲ್ಲಿ ಮನೆ ಹುಡುಕುವವನ ಹಾಗೆ
ತಿರುವಿಗೊಮ್ಮೆ ನಿಂತು, ಕೇಳಿ, ನಡೆದು,
ನಿಂತು.

ಏನೊಕ್ ಬಂದ. ಎಪ್ಪತ್ತೊಂಬತ್ತು ವರ್ಷ, ಎರಡು ಸ್ವೆಟರು.
ಕನ್ನಡಕಕ್ಕಾಗಿ ತಡಕಾಡಲಿಲ್ಲ.
ಮರದ ಅಂಚಿಗೆ ಹೆಬ್ಬೆರಳಿಟ್ಟು
ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆದ.
"ಮೆಟ್ಟಿಲಿವೆ, ರಿಹೋ."
"ಎಲ್ಲಿ?"
"ಎಲ್ಲೆಲ್ಲೂ. ಹಲಗೆ ಇದರ ಮೇಲೆ ಮಲಗಲ್ಲ."

ಸ್ಕ್ರೀನಿನಲ್ಲಿ ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ.
ಒಂದು ಎಲುಬಿಗೆ ಅರವತ್ತಮೂರು ತುಂಡು,
ಒಂದೊಂದೂ ನೆಟ್ಟಗೆ, ಒಂದೊಂದೂ ಪ್ರಾಮಾಣಿಕ,
ಕೂಡಿಸಿದರೆ ಸುಳ್ಳು.

ಹೆಲ್ವೆಗೆ ಫೋನು. ಅವಳ ಕಡೆ ಎಲ್ಲ ಸರಿ.
ಅವಳ ಪ್ರೋಗ್ರಾಮು ಬಾಗನ್ನು ಬಾಗೆಂದೇ ಬಲ್ಲದು.
ನನ್ನದೂ ಬಲ್ಲದು.
ನಡುವೆ, ಎಕ್ಸ್‌ಪೋರ್ಟ್ ಎಂಬ ಹೊಸ್ತಿಲಲ್ಲಿ ಕೂತ
ಯಾವನೋ ಪುಕ್ಕಲ ದುಭಾಷಿ
ತಿಳಿಯದ ಒಂದು ಮಾತನ್ನು ಹಾಗೇ ದಾಟಿಸಲು ಅಂಜಿ
ತಿಳಿದ ಮಾತುಗಳಲ್ಲಿ ಚೂರುಚೂರು ಮಾಡಿದ್ದ.

"ಚೂರು ಹೆಚ್ಚಿಸಲಾ?" ಅಂದಳು.
ಹೆಚ್ಚಿಸಿದಳು. ನಾಲ್ಕು ಸಾವಿರ.
ಮೆಟ್ಟಿಲು ಹೋದವು. ಯಂತ್ರ ಮಾತ್ರ
ನಾಲ್ಕು ಸಾವಿರ ಸಲ ಅನುಮಾನಿಸಿತು.
ಅಲಗು ತಡೆದಲ್ಲೆಲ್ಲ ಮರ ಕಪ್ಪಿಟ್ಟು
ಊಟದ ಹೊತ್ತಿಗೆ ಷೆಡ್ಡೆಲ್ಲ ಸೀದ ವಾಸನೆ.

ಏನೊಕ್ ಅಟ್ಟ ಹತ್ತಿ ಒಂದು ಪಟ್ಟಿ ಇಳಿಸಿದ,
ಗಂಟಿಲ್ಲದ ಪೈನ್, ಬೆರಳಗಲ, ಆಳುದ್ದ.
ಜೊತೆಗೆ ಸೀಸದ ಐದು ತೂಕ,
ಅವನ ಮಾವ ಹಳೆಯ ಪೈಪು ಕರಗಿಸಿ ಎರೆದದ್ದು.
ನೆಲದ ಮೇಲೆ ಹೂಡಿದ. ಇಲ್ಲೊಂದು. ಅಲ್ಲೊಂದು.
ನಡುವೆ ಏನು ಮಾಡಬೇಕೆಂದು
ಪಟ್ಟಿಗೆ ಅವನು ಹೇಳಲಿಲ್ಲ.
ಪಟ್ಟಿ ಮಾಡಿತು.
ಒಂದು ತೂಕವನ್ನು ಉಗುರಿನಷ್ಟು ಸರಿಸಿದ ನೋಡಿ,
ತಲೆಯಿಂದ ಬಾಲದವರೆಗೆ ಅದು
ನಿದ್ದೆಯಲ್ಲೇ ಮಗ್ಗುಲು ಬದಲಿಸಿತು.

"ಆ ಹುಡುಗಿಗೆ ಹೇಳು,
ತೂಕ ಎಲ್ಲಿಟ್ಟೆ ಅಂತ ಮಾತ್ರ ಬರೆದು ಕಳಿಸಲಿ.
ಉಳಿದದ್ದು ಬಾಗುವವರ ಕೆಲಸ."

ಎರಡು ಗಂಟೆ ತಡಕಿದೆವು, ಫೋನಿನ ಆ ತುದಿ ಈ ತುದಿ.
ಮೂರನೆಯ ಮೆನುವಿನ ತಳದಲ್ಲಿ, ಬೂದು ಅಕ್ಷರದ ಪಕ್ಕ
ಖಾಲಿ ಬಿದ್ದಿತ್ತು ಒಂದು ಪುಟ್ಟ ಚೌಕ:
ಬಾಗನ್ನು ಬಾಗಾಗಿಯೇ ಇಡು.
ಯಾರು, ಯಾವ ಅವಸರದಲ್ಲಿ ಖಾಲಿ ಬಿಟ್ಟರೋ.
ಅವಳು ಗುರುತು ಹಾಕಿದ್ದು ನನಗಿಲ್ಲಿ ಕೇಳಿಸಿತು.

ಹೊಸ ಫೈಲು ಬಂತು,
ಹಳೆಯದರ ನಲವತ್ತರಲ್ಲೊಂದು ಪಾಲು.
ಏನೋ ಬಿಟ್ಟುಹೋಗಿದೆ ಎಂದು ದಿಗಿಲಾಯಿತು.
ಹೋಗಿತ್ತು ನಿಜ,
ವಿವರಣೆ.

ಅಲಗು ಎಲ್ಲೂ ನಿಲ್ಲದೆ ಹೊರಟು ಹೊರಟಲ್ಲಿಗೆ ಬಂತು.
ಏನೊಕ್ ಹೆಬ್ಬೆರಳು ಎಳೆದ, ಏನೂ ಹೇಳದೆ
ಕಾಫಿಗೆ ಹೋದ.

ಮೊದಲು ಕೊರೆದ ಎಲುಬನ್ನು ಬಾಗಿಲ ಪಕ್ಕ ಬಡಿದು
ಟೋಪಿ ನೇತುಹಾಕುತ್ತೇವೆ.
ಬರುವಾಗ ಹೋಗುವಾಗ ಒಮ್ಮೊಮ್ಮೆ
ಯಾರೂ ನೋಡದಾಗ, ಬೆರಳಿಟ್ಟು ಎಳೆಯುತ್ತೇನೆ.
ಅರವತ್ತಮೂರು ಇವೆ, ನಾನೇ ಎಣಿಸಿದ್ದೇನೆ.
ನನ್ನ ಬೆರಳಿಗೆ ಇನ್ನೂ
ಒಂದೂ ಸಿಕ್ಕಿಲ್ಲ.